ವೀಸಾಕ್ಕಿಂತ ಮೊದಲು ಮಗುವಿನ ಹೆಸರು

ಈ ಪುಟದ ಓದುಗರೆಲ್ಲ ಕರಾವಳಿಯಲ್ಲೇ ಇದ್ದಾರೆಂದು ಯಾರಾದರೂ ತಿಳಿದುಕೊಂಡಿದ್ದರೆ ಅದು ತಪ್ಪು. ಬೇಕರಿ, ಫ್ಯಾನ್ಸಿ ಅಂಗಡಿ, ಹೊಟೇಲು ಎಂದು ಘಟ್ಟ ಹತ್ತಿದ ನಮ್ಮವರು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯೂ ಬಾಡಿಗೆ ಮನೆ ಹಿಡಿದು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ ಕೂತಿದ್ದಾರೆ. ಕಳೆದ ತಿಂಗಳು ಬೈಲಹೊಂಗಲದಿಂದ ಅಂಥವರೊಬ್ಬರು ಫೋನ್ ಮಾಡಿದರು. ಮೂಲ ಬಂಟ್ವಾಳ ತಾಲೂಕು. ಒಂಬತ್ತು ವರ್ಷಗಳಿಂದ ಅಲ್ಲಿ ಸಣ್ಣದೊಂದು ಬೇಕರಿ. ಮನೆಯಲ್ಲಿ ಹೆಂಡತಿ, ಒಂದನೇ ಕ್ಲಾಸಿನ ಮಗಳು, ಒಂದೂವರೆ ವರ್ಷದ ಮಗ. ಹೆಂಡತಿಯ ಅಣ್ಣ ಶಾರ್ಜಾದಲ್ಲಿದ್ದಾರೆ, ಅವರ ಮೂಲಕ ಒಂದು ಅಂಗಡಿಯಲ್ಲಿ 4,500 ದಿರ್ಹಮ್ ಸಂಬಳದ ಕೆಲಸ ಸಿಗುವ ಹಾಗಿದೆ.

"ಅಂಗಡಿ ಕೊಟ್ಟುಬಿಡುವುದು ಅಂತ ಮಾಡಿದ್ದೇನೆ. ಹೋಗುವುದಾದ್ರೆ ಎಲ್ಲ ಒಟ್ಟಿಗೇ ಹೋಗುವುದು. ಒಳ್ಳೆ ಏಜೆಂಟ್ ಯಾರಾದ್ರೂ ಇದ್ರೆ ಹೇಳಿ" ಎಂದರು.

ನಾವು ಏಜೆಂಟರ ಹೆಸರು ಹೇಳಲಿಲ್ಲ. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಹೆಸರು ಹೇಗೆ ಬರೆದಿದೆ ಎಂದು ಕೇಳಿದೆವು. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅದು ನೋಡಬೇಕಷ್ಟೆ" ಎಂದರು.

ನೋಡಿದ ಮೇಲೆ ಗೊತ್ತಾದದ್ದು ಇಷ್ಟು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ನಮ್ಮ ಪದ್ಧತಿಯಂತೆ ಮಗಳು ಹುಟ್ಟಿದ್ದು ಪುತ್ತೂರಿನಲ್ಲಿ. ಅವಳ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಹೆಸರಿಡುವ ಮೊದಲೇ ಪತ್ರ ತಂದಿದ್ದರು, ಮತ್ತೆ ಆ ಕಡೆ ಹೋಗಲೇ ಇಲ್ಲ. ಮಗ ಹುಟ್ಟಿದ್ದು ಬೈಲಹೊಂಗಲದಲ್ಲಿ. ಆಸ್ಪತ್ರೆಯ ಫಾರಂ ತುಂಬಿಸುವಾಗ ಅಲ್ಲಿದ್ದವರು ಆ ಕಡೆಯ ವಾಡಿಕೆಯಂತೆ "ಅಡ್ಡಹೆಸರೇನ್ರಿ?" ಎಂದು ಕೇಳಿದ್ದಾರೆ. ಬೆಳಗಾವಿ ಸೀಮೆಯಲ್ಲಿ ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ನದಾಫ, ಮುಲ್ಲಾ, ಬಾಗವಾನ, ಕಿಲ್ಲೇದಾರ, ಹೀಗೆ. ನಮ್ಮ ಕಡೆ ಹೆಸರಿನ ಮುಂದೆ ಒಂದೋ ಎರಡೋ ಇನಿಶಿಯಲ್, ಕೆಲವರಿಗೆ ಅದೂ ಇಲ್ಲ. ಏನು ಹೇಳುವುದೆಂದು ತೋಚದೆ ಇವರು "ಬ್ಯಾರಿ" ಎಂದಿದ್ದಾರೆ. ಮಗ ಕಾಗದದಲ್ಲಿ ಬ್ಯಾರಿಯಾದ. ಅಪ್ಪನ ಪಾಸ್‌ಪೋರ್ಟಿನಲ್ಲಿ ಬರೇ ಒಂದು ಪದದ ಹೆಸರು, ಸರ್‌ನೇಮ್ ಜಾಗ ಖಾಲಿ. ತಾಯಿಯ ಹೆಸರಿಗೆ ಎಸೆಸೆಲ್ಸಿ ಅಂಕಪಟ್ಟಿಯಲ್ಲಿ "ಬಾನು" ಇದೆ, ಆಧಾರ್‌ನಲ್ಲಿ ಇಲ್ಲ. ಒಂದೇ ಮನೆಯ ನಾಲ್ಕು ಜನ, ಕಾಗದದ ಲೆಕ್ಕದಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರು!

ನಗು ಬರುವ ವಿಷಯವೇ. ಆದರೆ ಅಂಗಡಿ ಮಾರಿದ ಮೇಲೆ, ಶಾಲೆಯಿಂದ ಟಿ.ಸಿ. ತೆಗೆಸಿದ ಮೇಲೆ, ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಪಡೆದ ಮೇಲೆ ಇದು ಗೊತ್ತಾದರೆ ನಗುವವರು ಯಾರೂ ಇರುವುದಿಲ್ಲ. ಗಲ್ಫ್ ಎಂದರೆ ಟಿಕೆಟ್, ವೀಸಾ, ಏಜೆಂಟ್ ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಒಬ್ಬಂಟಿ ಗಂಡಸು ಹೋಗುವ ಕಾಲದಲ್ಲಿ ಅದು ನಡೆಯುತ್ತಿತ್ತು. ಹೆಂಡತಿ-ಮಕ್ಕಳನ್ನು ಕರೆದುಕೊಂಡು ಹೋಗುವವನ ಕೆಲಸ ಶುರುವಾಗುವುದು ಮಗು ಹುಟ್ಟಿದ ಊರಿನ ಪುರಸಭೆಯಲ್ಲಿ.

ಕಾನೂನು ಈಗ ಮೊದಲಿನ ಹಾಗಿಲ್ಲ. ಜನನ-ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿ ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆ ದಿನ ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. 2025ರ ಫೆಬ್ರವರಿಯಲ್ಲಿ ಪಾಸ್‌ಪೋರ್ಟ್ ನಿಯಮವನ್ನೂ ಅದಕ್ಕೆ ಹೊಂದಿಸಿದ್ದಾರೆ. ಬೇರೆ ಕಾಗದ ತೋರಿಸಿ ಬಚಾವಾಗುವ ದಾರಿ ಆ ಮಕ್ಕಳಿಗಿಲ್ಲ. ಬೈಲಹೊಂಗಲದ ಆ ಪುಟ್ಟ "ಬ್ಯಾರಿ" ಈ ಲೆಕ್ಕಕ್ಕೆ ಸೇರುತ್ತಾನೆ. ಅಕ್ಕನಿಗೆ ಆ ಬಿಗಿ ಇಲ್ಲ, ಆದರೆ ಹೆಸರಿಲ್ಲದ ಪತ್ರ ಹಿಡಿದು ಎಲ್ಲಿಗೂ ಹೋಗಲಾಗದು. ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದ ತನಕ ದಂಡ ಶುಲ್ಕ ಕಟ್ಟಿ ಸೇರಿಸಬಹುದು. ತಪ್ಪು ಬಿದ್ದಿದ್ದರೆ ದಾಖಲೆ ಸಹಿತ ಅರ್ಜಿ ಕೊಟ್ಟು ತಿದ್ದಿಸಬಹುದು. ಎಲ್ಲಿ ನೋಂದಣಿ ಆಗಿದೆಯೋ ಅಲ್ಲಿಯೇ ಆಗಬೇಕು ಎಂಬುದನ್ನು ಮಾತ್ರ ಮರೆಯಬಾರದು. ಅಂದರೆ ಇವರಿಗೆ ಒಂದು ಅರ್ಜಿ ಬೈಲಹೊಂಗಲದಲ್ಲಿ, ಇನ್ನೊಂದು ಪುತ್ತೂರಿನಲ್ಲಿ. ಮನೆಯಲ್ಲೇ ಹೆರಿಗೆಯಾಗಿ ವರ್ಷ ಕಳೆದರೂ ನೋಂದಣಿಯೇ ಆಗದಿದ್ದ ಮಗುವಾದರೆ ಜಿಲ್ಲಾ ದಂಡಾಧಿಕಾರಿ ಅಥವಾ ಉಪವಿಭಾಗ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. ಈ ನಾಲ್ಕು ತಾಲೂಕುಗಳವರಿಗೆ ಉಪವಿಭಾಗದ ಕಚೇರಿ ಬೈಲಹೊಂಗಲದಲ್ಲೇ ಇದೆ ಎಂಬುದೊಂದು ಸಮಾಧಾನ.

ಕಾಗದವೇ ಕೈಯಲ್ಲಿಲ್ಲದವರೂ ಇದ್ದಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನೀರು ನುಗ್ಗಿದಾಗ ನೇಕಾರರ ಮಗ್ಗಗಳು ಕೆಸರಿನಲ್ಲಿ ಹೂತದ್ದನ್ನು ಎಲ್ಲರೂ ನೋಡಿದ್ದಾರೆ. ಕಪಾಟಿನ ಕೆಳ ಹಲಗೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿದ್ದ ಕಾಗದಗಳ ಗತಿಯನ್ನು ಯಾರೂ ಕೇಳಲಿಲ್ಲ. ನಕಲು ಪ್ರತಿಗೆ ಅರ್ಜಿ ಹಾಕುವುದನ್ನು ಹೋಗುವ ತಿಂಗಳಿಗೆ ಇಟ್ಟುಕೊಳ್ಳಬೇಡಿ.

ಹೆಸರಿನ ಮಾತು ಇನ್ನೂ ಮುಗಿದಿಲ್ಲ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪಬಹುದು ಎಂಬ ಸ್ಪಷ್ಟನೆ ಆಮೇಲೆ ಬಂತು. ಆದರೆ ಏರ್‌ಪೋರ್ಟ್ ಕೌಂಟರಿನಲ್ಲಿ ಎಳೆಮಗುವನ್ನು ಎತ್ತಿಕೊಂಡು ಸ್ಪಷ್ಟನೆ ವಿವರಿಸುವ ಧೈರ್ಯ ಯಾರಿಗಿದೆ? ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗುವಾಗಲೇ ಅಪ್ಪ, ಅಮ್ಮ, ಮಕ್ಕಳಿಗೆಲ್ಲ ಸರ್‌ನೇಮ್ ಏನೆಂದು ಮನೆಯಲ್ಲಿ ಕೂತು ತೀರ್ಮಾನಿಸಿ. ಅಜ್ಜನ ಹೆಸರಾಗಲಿ, ಮನೆ ಹೆಸರಾಗಲಿ, ಒಮ್ಮೆ ಇಟ್ಟದ್ದನ್ನು ಎಲ್ಲ ಕಾಗದದಲ್ಲೂ ಒಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿ. ಖಾದರ್, ಕಾದರ್, ಖಾದಿರ್ ನಮ್ಮ ಬಾಯಲ್ಲಿ ಒಬ್ಬನೇ ಮನುಷ್ಯ. ಕಂಪ್ಯೂಟರಿಗೆ ಮೂವರು.

ಸಣ್ಣ ಮಕ್ಕಳ ಪಾಸ್‌ಪೋರ್ಟಿಗೆ ತಂದೆ-ತಾಯಿ ಇಬ್ಬರೂ ಸಹಿ ಹಾಕಿದ ಅನೆಕ್ಶರ್-ಡಿ ಬೇಕು. ಅಪ್ಪ ಮೊದಲೇ ಗಲ್ಫ್‌ಗೆ ಹೋಗಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಫಿಡವಿಟ್ ಕಳಿಸಬೇಕಾಗುತ್ತದೆ. ಆದ್ದರಿಂದ ಅವನು ಊರು ಬಿಡುವ ಮೊದಲೇ ಮಕ್ಕಳ ಪಾಸ್‌ಪೋರ್ಟ್ ಮಾಡಿಸಿಡುವುದು ಒಳ್ಳೆಯದು. ಆಧಾರ್‌ನಲ್ಲಿ ಬಂಟ್ವಾಳದ ವಿಳಾಸ, ವಾಸ ಬೈಲಹೊಂಗಲದಲ್ಲಿ ಎಂಬಂಥವರು ಪೊಲೀಸ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳುತ್ತಾರೆ. ಈಗ ಇರುವ ವಿಳಾಸಕ್ಕೆ ಆಧಾರ್ ಬದಲಿಸಿ, ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಹೋಗಿ ಮುಗಿಸಬಹುದು. ಇದಕ್ಕೆಂದೇ ಮಂಗಳೂರಿಗೆ ಬರಬೇಕೆಂದಿಲ್ಲ.

ಇನ್ನು ಮದುವೆಯ ಕಾಗದ. ಜಮಾಅತಿನ ನಿಕಾಹ್ ಪುಸ್ತಕದಲ್ಲಿ ಸಹಿ ಇದೆ, ಸಾಕ್ಷಿಗಳಿದ್ದಾರೆ, ಊರಿಡೀ ಬಿರಿಯಾನಿ ತಿಂದಿದೆ. ಫ್ಯಾಮಿಲಿ ವೀಸಾಕ್ಕೆ ಅಷ್ಟು ಸಾಲದು, ಸರಕಾರಿ ವಿವಾಹ ನೋಂದಣಿ ಪತ್ರ ಕೇಳುತ್ತಾರೆ. 2023ರ ಆಗಸ್ಟಿನಲ್ಲಿ ರಾಜ್ಯ ಸರಕಾರ ಜಿಲ್ಲಾ ವಕ್ಫ್ ಅಧಿಕಾರಿಗಳಿಗೆ ಮುಸ್ಲಿಂ ದಂಪತಿಗಳ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರ ಕೊಟ್ಟಾಗ ಬಹಳ ಜನ ನಿಟ್ಟುಸಿರು ಬಿಟ್ಟಿದ್ದರು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ವಾದ-ವಿವಾದ ನ್ಯಾಯಾಲಯಕ್ಕೆ ಬಿಟ್ಟದ್ದು. ಮಕ್ಕಳನ್ನು ಕಟ್ಟಿಕೊಂಡು ಹೊರಟವರು ಅದರ ನಡುವೆ ನಿಲ್ಲುವುದು ಬೇಡ, ಉಪ ನೋಂದಣಾಧಿಕಾರಿ ಕಚೇರಿಯಲ್ಲೇ ಮದುವೆ ನೋಂದಾಯಿಸಿಕೊಳ್ಳಿ. ಮದುವೆಯಾಗಿ ಏಳೆಂಟು ವರ್ಷ ಆದಮೇಲೆ ನೋಂದಣಿ ಮಾಡಿಸುವುದು ನಾಚಿಕೆ ಎಂದು ತಿಳಿಯುವವರಿದ್ದಾರೆ. ನಮ್ಮ ಜಮಾಅತ್‌ಗಳು ನಿಕಾಹ್ ನಡೆದ ವಾರದಲ್ಲೇ ದಂಪತಿಯನ್ನು ನೋಂದಣಿ ಕಚೇರಿಗೆ ಕಳಿಸುವ ರೂಢಿ ಇಟ್ಟುಕೊಂಡರೆ ಈ ನಾಚಿಕೆಯ ಪ್ರಶ್ನೆ ಏಳುವುದಿಲ್ಲ. ಇದನ್ನು ಹಿಂದೆಯೂ ಬರೆದಿದ್ದೇವೆ, ಮತ್ತೆ ಬರೆಯುತ್ತೇವೆ.

ಪತ್ರಗಳು ಸರಿಯಾದ ಮೇಲೆ ಅಟೆಸ್ಟೇಶನ್. ಭಾರತ 2005ರಿಂದ ಹೇಗ್ ಅಪೋಸ್ಟಿಲ್ ಒಪ್ಪಂದದಲ್ಲಿದೆ, ಸೌದಿ ಅರೇಬಿಯ 2022ರ ಡಿಸೆಂಬರಿನಿಂದ ಸೇರಿದೆ. ಹಾಗಾಗಿ ಸೌದಿಗೆ ಹೋಗುವವರಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಸ್ಟಿಕರ್ ಸಾಕು. ಯುಎಇಗೆ ಹಳೆಯ ದಾರಿಯೇ. ಮೊದಲು ರಾಜ್ಯ ಸರಕಾರದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯ, ಮತ್ತೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ. ವಾರಗಳು ಹಿಡಿಯುವ ಕೆಲಸ ಇದು. ಮಗಳ ಶಾಲೆಯ ಟಿ.ಸಿ.ಗೂ ಬಿಇಒ ಸಹಿ ಮಾಡಿಸಿ, ಅದೇ ಸಾಲಿನಲ್ಲಿ ಸೇರಿಸಿಬಿಡಿ. ಮಕ್ಕಳ ಚುಚ್ಚುಮದ್ದಿನ ಕಾರ್ಡು ಹಳೆಯ ಪುಸ್ತಕಗಳ ಜತೆ ಗುಜರಿಗೆ ಹೋಗದ ಹಾಗೆ ನೋಡಿಕೊಳ್ಳಿ, ಶಾಲೆಯವರು ಕೇಳುತ್ತಾರೆ.

ಇಲ್ಲಿ ಒಂದು ಕಾಗದವನ್ನು ನಮ್ಮ ಗಂಡಸರು ಯಾವಾಗಲೂ ಮರೆಯುತ್ತಾರೆ. ಹೆಂಡತಿಯ ಡಿಗ್ರಿ ಸರ್ಟಿಫಿಕೇಟ್. ಬೈಲಹೊಂಗಲದ ಈ ತಾಯಿ ಮದುವೆಯಾದ ಮೇಲೆ ಅಲ್ಲಿನ ಕಾಲೇಜಿಗೆ ಹೋಗಿ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾನಿಲಯದಿಂದ ಬಿ.ಕಾಂ. ಪಾಸಾದವರು. ಗಂಡ ಕೊಟ್ಟ ಅಟೆಸ್ಟೇಶನ್ ಪಟ್ಟಿಯಲ್ಲಿ ಅದು ಇರಲೇ ಇಲ್ಲ. "ಅವಳಿಗೆ ಅಲ್ಲಿ ಕೆಲಸ ಮಾಡುವ ಅಂದಾಜಿಲ್ಲ" ಎಂದರು. ಅಂದಾಜು ಯಾರದ್ದು ಎಂದು ಕೇಳಿದೆವು. ಫ್ಯಾಮಿಲಿ ವೀಸಾದಲ್ಲಿ ಹೋದ ಹೆಣ್ಣಿನ ಇಕಾಮ, ವಾಸ, ಇನ್ಶೂರೆನ್ಸ್ ಎಲ್ಲವೂ ಗಂಡನ ಕೆಲಸಕ್ಕೆ ಕಟ್ಟಿದ್ದು. ಆ ಕೆಲಸ ಅಲ್ಲಾಡಿದ ದಿನ ಅಟೆಸ್ಟ್ ಆದ ಒಂದು ಡಿಗ್ರಿ ಮನೆಯಲ್ಲಿದ್ದರೆ ಇಡೀ ಮನೆ ನಿಲ್ಲಬಹುದು. ಅಲ್ಲಿಂದ ಊರಿಗೆ ಕಳಿಸಿ ಮಾಡಿಸುವುದು ಎಷ್ಟು ಕಷ್ಟ ಎಂದು ದುಬೈಯಲ್ಲಿರುವ ನಮ್ಮ ಹೆಣ್ಣುಮಕ್ಕಳನ್ನೇ ಕೇಳಿ.

ಹಣದ ಲೆಕ್ಕಕ್ಕೆ ಬರೋಣ, ನಮಗೆ ಹೆಚ್ಚು ಹೇಳಬೇಕಾದದ್ದು ಇಲ್ಲಿಯೇ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು 2019ರ ನಿಯಮದಂತೆ 4,000 ದಿರ್ಹಮ್ ಸಂಬಳ, ಅಥವಾ ವಾಸದ ವ್ಯವಸ್ಥೆಯೊಂದಿಗೆ 3,000 ಇದ್ದರಾಯಿತು. 4,500 ಇರುವ ಇವರು ಆ ಗೆರೆ ದಾಟುತ್ತಾರೆ. ಏಜೆಂಟರೂ ಅಷ್ಟೇ ಹೇಳುವುದು, "ನಿಮ್ಮದು ಎಲಿಜಿಬಲ್ ಉಂಟು." ವೀಸಾ ಸಿಗುವ ಸಂಬಳಕ್ಕೂ ಬದುಕುವ ಸಂಬಳಕ್ಕೂ ಇರುವ ಅಂತರವನ್ನು ಹೇಳುವುದು ಅವರ ಕೆಲಸವಲ್ಲ. ನಾವು ದಂಪತಿಗಳಿಬ್ಬರೂ ಕೂತು ಒಂದು ಹಾಳೆಯಲ್ಲಿ ತಿಂಗಳ ಖರ್ಚು ಬರೆಯಿರಿ, ಅಣ್ಣನ ಹೆಂಡತಿಯನ್ನು ಕೇಳಿ ಬರೆಯಿರಿ ಎಂದೆವು. ಮನೆ ನಡೆಸುವವರಿಗೆ ಗೊತ್ತಿರುವ ಲೆಕ್ಕ ಸಂಬಳ ತರುವವರಿಗೆ ಗೊತ್ತಿರುವುದಿಲ್ಲ.

ಮೂರು ದಿನ ಬಿಟ್ಟು ಅವರು ಕಳಿಸಿದ ಹಾಳೆ ಹೀಗಿತ್ತು: ಒಂದು ಬೆಡ್‌ರೂಮಿನ ಮನೆ ಬಾಡಿಗೆ 2,200, ಮಗಳ ಶಾಲೆ ಬಸ್ಸು ಸೇರಿ 750, ಅಡುಗೆ ಸಾಮಾನು 1,100, ಕರೆಂಟು-ನೀರು 300, ಫೋನು-ಇಂಟರ್ನೆಟ್ 150. ಕೂಡಿಸಿದರೆ 4,500. ಊರಿನಲ್ಲಿರುವ ಉಮ್ಮನಿಗೆ ಕಳಿಸಲು ಸೊನ್ನೆ. ಮಗುವಿಗೆ ಜ್ವರ ಬಂದರೆ ಸೊನ್ನೆ. ವೀಸಾ ನವೀಕರಣ, ಇನ್ಶೂರೆನ್ಸ್, ಎರಡು ವರ್ಷಕ್ಕೊಮ್ಮೆ ನಾಲ್ಕು ಟಿಕೆಟ್ ಯಾವುದೂ ಅದರಲ್ಲಿಲ್ಲ. ಅದನ್ನು ಬರೆದದ್ದು ಹೆಂಡತಿ. ಬಿ.ಕಾಂ. ಅಲ್ಲವೇ!

ಬೇಕರಿ ಮಾರಿದ ದುಡ್ಡು ಇದೆಯಲ್ಲ ಎಂದು ಗಂಡನ ಮಾತು. ಅದು ಹೋಗುವುದು ವೀಸಾ, ಅಟೆಸ್ಟೇಶನ್, ಟಿಕೆಟ್, ಮನೆಯ ಮುಂಗಡ ಬಾಡಿಗೆ, ಪಾತ್ರೆ-ಹಾಸಿಗೆಗೆ. ಸಾಲದಿದ್ದರೆ ಹೆಂಡತಿಯ ಬಂಗಾರ ಸೊಸೈಟಿಯಲ್ಲಿ ಅಡವಿಗೆ. ನಮ್ಮ ಮನೆಗಳಲ್ಲಿ ಇದು ಎಷ್ಟು ಸಲೀಸಾಗಿ ನಡೆಯುತ್ತದೆಂದರೆ ಆ ಬಂಗಾರ ಯಾರದ್ದೆಂಬ ಪ್ರಶ್ನೆಯೇ ಏಳುವುದಿಲ್ಲ. ಮಹ್ರ್ ಅವಳದ್ದು. ಒಪ್ಪಿ ಕೊಟ್ಟರೆ ಅದು ಸಾಲ, ತೀರಿಸಬೇಕಾದ ಸಾಲ, ಹಾಗೆಯೇ ಬರೆದಿಡಿ.

ಸೌದಿಯ ಪಾಠ ನಮಗೆ ಇಷ್ಟು ಬೇಗ ಮರೆಯಬಾರದು. 2017ರ ಜುಲೈ 1ರಿಂದ ಅಲ್ಲಿ ಕುಟುಂಬದ ಪ್ರತಿಯೊಬ್ಬ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷ ವರ್ಷ ನೂರು ಏರುತ್ತಾ 2020ರ ಜುಲೈಗೆ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳೆಂದರೆ ವರ್ಷಕ್ಕೆ 14,400 ರಿಯಾಲ್, ನಮ್ಮ ದುಡ್ಡಿನಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ, ಅದೂ ಇಕಾಮ ನವೀಕರಣದ ಹೊತ್ತಿಗೆ ಮುಂಗಡವಾಗಿ. ದಮ್ಮಾಮ್, ಜುಬೈಲ್, ರಿಯಾದ್‌ನಲ್ಲಿ ಮನೆ ಮಾಡಿದ್ದ ಎಷ್ಟೋ ಕುಟುಂಬಗಳು ಆ ವರ್ಷಗಳಲ್ಲಿ ಊರಿಗೆ ಮರಳಿದವು. ಅಪ್ಪ ಅಲ್ಲೇ ಬ್ಯಾಚುಲರ್ ರೂಮಿಗೆ, ಮಕ್ಕಳು ಇಲ್ಲಿ ಶೈಕ್ಷಣಿಕ ವರ್ಷದ ನಡುವೆ ಸೀಟು ಹುಡುಕುವುದಕ್ಕೆ. ಕನ್ನಡ ಅಕ್ಷರ ಬಾರದ ಐದನೇ ಕ್ಲಾಸಿನ ಮಕ್ಕಳನ್ನು ಹಿಡಿದುಕೊಂಡು ತಾಯಂದಿರು ಶಾಲೆಯಿಂದ ಶಾಲೆಗೆ ಅಲೆದದ್ದು ನಮ್ಮ ಕಣ್ಣಮುಂದಿದೆ. ಮತ್ತೆ ಕೊರೋನ. 2020ರ ಮೇ 12ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಇಳಿದಾಗ ಅದರಲ್ಲಿದ್ದವರಲ್ಲಿ ಗರ್ಭಿಣಿಯರೂ ಎಳೆ ಮಕ್ಕಳೂ ಎಷ್ಟೋ ಮಂದಿ. ಹೋಗುವಾಗ ಮರಳಿ ಬರುವ ಮಾತೆತ್ತುವುದು ಅಪಶಕುನವೆಂದು ಮನೆಯ ಹಿರಿಯರು ಹೇಳಬಹುದು. ಆದರೂ ಮರಳಿ ಬಂದರೆ ಕೂರಲು ಒಂದು ಅಂಗಡಿ, ಮಕ್ಕಳಿಗೆ ಆರು ತಿಂಗಳ ಖರ್ಚು, ಮಗಳಿಗೆ ಕನ್ನಡ ಓದಲು ಬರೆಯಲು ಗೊತ್ತಿರುವುದು, ಈ ಮೂರರ ಏರ್ಪಾಡು ಆಗದೆ ಅಂಗಡಿಯ ಕೀಲಿ ಬೇರೆಯವರಿಗೆ ಕೊಡಬೇಡಿ ಎಂದು ನಾವು ಹೇಳಿದೆವು.

ಭಾಷೆಯದ್ದು ಬೇರೆಯೇ ಕತೆ. ಬೈಲಹೊಂಗಲದ ಆ ಮಗಳು ಮನೆಯಲ್ಲಿ ಬ್ಯಾರಿ ಮಾತಾಡುತ್ತಾಳೆ, ಓಣಿಯ ಮಕ್ಕಳೊಂದಿಗೆ ಉರ್ದು, ಶಾಲೆಯಲ್ಲಿ "ಹೌದ್ರಿ, ಇಲ್ರಿ" ಎಂಬ ಗಂಡುಮೆಟ್ಟಿನ ಕನ್ನಡ. ಅಲ್ಲಿಗೆ ಹೋದರೆ ಇಂಗ್ಲಿಷ್ ಮಾಧ್ಯಮ, ಜತೆಗೆ ಯುಎಇಯ ಶಾಲೆಗಳಲ್ಲಿ ಅರಬಿ ಕಡ್ಡಾಯ. ಅರಬಿ ಬರುವುದು ಲಾಭವೇ. ಕನ್ನಡ ಮಾತ್ರ ತಾನಾಗಿ ಉಳಿಯುವುದಿಲ್ಲ. ದುಬೈಯಲ್ಲಿ ಕನ್ನಡಿಗರು ಮಕ್ಕಳಿಗೆ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ, ಶಾರ್ಜಾದಿಂದ ಅದೇನೂ ದೂರವಲ್ಲ. ಅಷ್ಟೂ ಆಗದಿದ್ದರೆ ಒಂದನೇ, ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಿ, ಉಪ್ಪಿನಕಾಯಿಯಷ್ಟು ಭಾರ ಇಲ್ಲ.

ಅಲ್ಲಿ ಇನ್ನೊಂದು ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಆಗಬೇಕು, ಇಲ್ಲವಾದರೆ ಆ ಮಗುವಿನ ಪೌರತ್ವವೇ ತೊಡಕಿಗೆ ಬೀಳುತ್ತದೆ. ಏಜೆಂಟರ ಬಗ್ಗೆ ಎರಡೇ ಮಾತು. ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಲೈಸೆನ್ಸ್ ಇದೆಯೇ ನೋಡಿ, ನೇಮಕಾತಿಗೆ ಅವರು ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಹೆಚ್ಚಿಲ್ಲ. ಹತ್ತನೇ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ ಇರುವವರನ್ನು "ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸುವ" ಎಂದರೆ ಆ ಮೆಟ್ಟಿಲು ಇಳಿದು ಬನ್ನಿ.

ಇಷ್ಟೆಲ್ಲ ಬರೆದದ್ದಕ್ಕೆ ನಾವು ಕುಟುಂಬ ಒಯ್ಯುವುದಕ್ಕೆ ವಿರೋಧಿಗಳೆಂದು ಯಾರೂ ಭಾವಿಸಬೇಡಿ. ಎರಡು ವರ್ಷಕ್ಕೊಮ್ಮೆ ಬಂದ ಉಪ್ಪನನ್ನು ಕಂಡು ಬಾಗಿಲ ಹಿಂದೆ ಅಡಗುವ ಮಕ್ಕಳು ನಮ್ಮ ಊರುಗಳಲ್ಲಿ ಒಂದಿಬ್ಬರಲ್ಲ. ಕ್ಯಾಸೆಟಿನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದ ಕಾಲದ ಗಂಡಂದಿರು, ಅದನ್ನು ಮಾವನ ಮನೆಯ ಜಗಲಿಯಲ್ಲಿ ಎಲ್ಲರ ನಡುವೆ ಕೂತು ಕೇಳಬೇಕಾಗಿದ್ದ ಹೆಂಡತಿಯರು, ಅವರಿಗೆ ಆ ವರ್ಷಗಳನ್ನು ಯಾರೂ ವಾಪಸ್ ಕೊಟ್ಟಿಲ್ಲ. ಒಟ್ಟಿಗೆ ಬದುಕಬೇಕೆಂಬ ಈ ಹೊಸ ತಲೆಮಾರಿನ ಹಟ ನಮಗೆ ಇಷ್ಟವೇ. ಹಾಗಾಗಿಯೇ ಅದು ಆರು ತಿಂಗಳಲ್ಲಿ ಮುರಿದು ಬೀಳಬಾರದೆಂಬ ಕಳಕಳಿ.

ಬೈಲಹೊಂಗಲದವರು ಈಗ ಬೇಕರಿ ಮಾರುತ್ತಿಲ್ಲ. ಒಂದು ವರ್ಷಕ್ಕೆ ಚಿಕ್ಕಪ್ಪನ ಮಗನಿಗೆ ನಡೆಸಲು ಕೊಡುವ ಮಾತಾಗಿದೆ, ಬಾಡಿಗೆ ಕರಾರು ಇವರ ಹೆಸರಿನಲ್ಲೇ ಉಳಿಯುತ್ತದೆ. ಗಂಡ ಮೊದಲು ಹೋಗುವುದು, ಸಂಬಳ ಕೈಗೆ ಬಂದು, ವಾಸದ ವ್ಯವಸ್ಥೆ ಕಂಪೆನಿಯಿಂದ ಸಿಗುತ್ತದೋ ಎಂದು ಕೇಳಿ ನೋಡುವುದು. ಮಗಳು ಈ ವರ್ಷದ ಪರೀಕ್ಷೆ ಅಲ್ಲೇ ಮುಗಿಸುವುದು. ಮಗನ ಹೆಸರಿನ ತಿದ್ದುಪಡಿಗೆ ಅರ್ಜಿ ಹಾಕಿದ ರಸೀದಿಯ ಫೋಟೋ ಮೊನ್ನೆ ನಮಗೆ ಬಂತು, ಪುತ್ತೂರಿಗೆ ಮುಂದಿನ ವಾರ ಹೋಗುತ್ತಾರಂತೆ. "ಬ್ಯಾರಿ" ತೆಗೆಸುತ್ತೀರಾ ಎಂದು ಕೇಳಿದೆವು. ಇಲ್ಲವಂತೆ. ಹೆಂಡತಿ, ಅದೇ ಇರಲಿ, ನಾವೆಲ್ಲರೂ ಅದನ್ನೇ ಹಾಕಿಸಿಕೊಳ್ಳುವ ಎಂದಿದ್ದಾರೆ. ಮಗನ ಅರ್ಜಿ ಬರೇ ತಾಯಿಯ ಹೆಸರಿನ ಕಾಗುಣಿತಕ್ಕೆ.